ಪೈಪು ಎಟಕುವಷ್ಟು ದೂರ

ಬೆಳ್ಳುಳ್ಳಿಗೆ ಹೆಸರಾದ ಗಿಲ್‌ರಾಯ್‌ನಲ್ಲಿ ಫ್ರೀವೇ ಬಿಟ್ಟು ಪಶ್ಚಿಮದ ಗುಡ್ಡಗಳ ಕಡೆ ತಿರುಗಿದ ಮೇಲೂ ಸ್ವಲ್ಪ ದೂರ ಅದರ ವಾಸನೆ ಬೆನ್ನು ಬಿಡುವುದಿಲ್ಲ. ಆ ವರ್ಷ ಅಕ್ಟೋಬರಿನಲ್ಲಿ ಆ ದಾರಿ ಹಿಡಿದು ಹೋದಾಗ ವಾಸನೆ ಬಂತೋ ಇಲ್ಲವೋ, ನನಗೆ ನೆನಪಿಲ್ಲ. ನಮ್ಮ ಅಜ್ಜಿ ತೀರಿಹೋಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಅಳು ಬಂದಿರಲಿಲ್ಲ. ಬರಲಿಲ್ಲವಲ್ಲ ಎಂಬ ಚಿಂತೆಯೂ ಇರಲಿಲ್ಲ. ಬೆಳಗ್ಗೆ ಎದ್ದು ಗರಗಸ ಒರೆಸಿ ಎಣ್ಣೆ ಹಚ್ಚುತ್ತಿದ್ದೆ, ಟ್ರಕ್ಕು ಹತ್ತುತ್ತಿದ್ದೆ, ಯಾರದೋ ಮರ ಸವರುತ್ತಿದ್ದೆ, ಮನೆಗೆ ಬಂದು ತಟ್ಟೆಯಲ್ಲಿ ಇದ್ದದ್ದನ್ನು ಉಣ್ಣುತ್ತಿದ್ದೆ.

ಹಣ್ಣಿನ ಮರ ನೋಡಿಕೊಳ್ಳುವುದು ನನ್ನ ಕಸುಬು. ರೆಂಬೆ ಸವರುವುದು, ಕಸಿ ಕಟ್ಟುವುದು, ರೋಗ ಏನೆಂದು ಹುಡುಕುವುದು. ಬೆಳೆದದ್ದು ಎವರ್‌ಗ್ರೀನ್‌ನಲ್ಲಿ. ಅಪ್ಪ ಅಮ್ಮ ಆಫೀಸಿಗೆ ಹೋದರೆ ಮನೆಯಲ್ಲಿ ಉಳಿಯುತ್ತಿದ್ದವರು ಧಾರವಾಡದಿಂದ ಬಂದ ಅಜ್ಜ ಅಜ್ಜಿ. ನಾನು ಮಾತು ಕಲಿತದ್ದು ಅವರಿಬ್ಬರ ಬಾಯಿಂದ. ಹಾಗಾಗಿ ನನ್ನ ಕನ್ನಡ ಕೇಳಿದವರಿಗೆ ಎಪ್ಪತ್ತು ದಾಟಿದ ಹೆಂಗಸೊಬ್ಬಳು ಮಾತಾಡಿದಂತೆ ಆಗುತ್ತದೆ. ಬೇರೆ ದಿನಗಳಲ್ಲಾದರೆ ನಾನು ಬಾಯಿ ಬಿಟ್ಟರೆ ನಿಲ್ಲಿಸುವವಳಲ್ಲ, ಮರ ಹತ್ತಿ ಕೂತೂ ಕೆಳಗಿನವರಿಗೆ ಕಥೆ ಹೇಳುವವಳು. ಆ ಚಳಿಗಾಲದಲ್ಲಿ ಮಾತ್ರ ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದೆ.

ಫೋನು ಮಾಡಿದವರು ಉಡುಪಿ ಕಡೆಯವರು.

“ಕನ್ನಡ ಮಾತಾಡುವ ಮರದ ಡಾಕ್ಟರು ಒಬ್ಬರು ಇದ್ದಾರೆ ಅಂತ ದೇವಸ್ಥಾನದಲ್ಲಿ ಹೇಳಿದರು. ನೀವೇನಾ?”

“ಡಾಕ್ಟರ್ ಅಲ್ರಿ. ಮರಾ ಕಡಿಯಾಕಿ.”

“ಕಡಿಯುವುದು ಬೇಡ ಮಾರಾಯ್ರೆ. ಉಳಿಸಲಿಕ್ಕೆ ಅಂತ ಕರೆಯುವುದು.”

ಅವರು ಚಿಪ್ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದವರು. ಅವರನ್ನು ನಾನು ರಾಯರು ಎಂದೇ ಕರೆದೆ. ಗಂಡ ಹೆಂಡತಿ ಇರುವುದು ಸನ್ನಿವೇಲ್‌ನಲ್ಲಿ. ಗುಡ್ಡದ ಮೇಲಿನ ಮನೆ ರಜೆಗೆಂದು ತೆಗೆದುಕೊಂಡದ್ದು. ಅದರ ತೋಟ ಪೂರ್ತಿ ಹೆಂಡತಿಯದು. ಅವರನ್ನು ನಾನು ಅಕ್ಕ ಎನ್ನುತ್ತೇನೆ, ಆಮೇಲೆ ಹಾಗೆಯೇ ರೂಢಿಯಾಯಿತು. ಅಕ್ಕ ಈ ನೆಲದ ಸ್ವಭಾವ ತಿಳಿದು ಗಿಡ ಆರಿಸಿದ್ದರು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳಲ್ಲಿ ಇರುವಂಥದೇ ಹವೆ ಇಲ್ಲಿಯದು. ಮಳೆಯೆಲ್ಲ ಚಳಿಗಾಲಕ್ಕೆ, ಬೇಸಿಗೆಗೆ ಒಂದು ಹನಿಯೂ ಇಲ್ಲ. ಆ ಹವೆಗೆ ಒಗ್ಗುವ ಮರಗಳನ್ನೇ ಹಾಕಿದ್ದರು. ಮನೆಯ ಹಿಂದೆ ಸಮತಟ್ಟಾದ ಜಾಗದಲ್ಲಿ ಒಂದು ಏಪ್ರಿಕಾಟು, ಒಂದು ಬಾದಾಮಿ, ಒಂದು ಅಕ್ರೋಟು. ಮೇಲಿನ ಇಳಿಜಾರಿನಲ್ಲಿ ಇನ್ನೊಂದು ಬಾದಾಮಿ, ಅಂಜೂರ, ದಾಳಿಂಬೆ, ಒಂದು ಸಾಲು ಆಲಿವ್. ಬಾದಾಮಿ ಎಂದರೆ ನಮ್ಮ ಊರುಗಳ ಬೀದಿಬದಿಯ ಅಗಲ ಎಲೆಯ ಮರವಲ್ಲ, ಪಾಯಸಕ್ಕೆ ಹಾಕುವ ನಿಜವಾದ ಬಾದಾಮಿ. ಚಳಿ ಮುಗಿಯುವ ಮೊದಲೇ, ಎಲೆ ಬರುವ ಮೊದಲೇ ಮೈತುಂಬ ಹೂ ಬಿಡುತ್ತದೆ.

ಅಕ್ಕನಿಗೆ ಕ್ಯಾನ್ಸರ್. ಹಿಂದಿನ ಚಳಿಗಾಲದಿಂದ ಚಿಕಿತ್ಸೆ ನಡೆದಿತ್ತು. ಮಣ್ಣು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಒಂದು ವರ್ಷ ಅವರು ಆ ಮನೆಗೆ ಕಾಲಿಟ್ಟಿರಲಿಲ್ಲ. “ಗಿಡಗಳಿಗೆ ನೀರು ನೋಡಿಕೊಳ್ಳಿ” ಎಂದು ಗಂಡನಿಗೆ ಹೇಳಿದ್ದರು. ಅದುವರೆಗೆ ಗುದ್ದಲಿ ಮುಟ್ಟದಿದ್ದ ರಾಯರು ಪ್ರತಿ ವಾರ ಸನ್ನಿವೇಲ್‌ನಿಂದ ಕಾರು ಓಡಿಸಿಕೊಂಡು ಬಂದು ನೀರು ನೋಡಿಕೊಂಡಿದ್ದರು.

ನಾನು ಹೋದ ದಿನ ಅವರು ಮೊದಲು ಕ್ಷಮೆ ಕೇಳಿದ್ದು ಮೇಲಿನ ಮರಗಳ ಬಗ್ಗೆ.

“ಅಲ್ಲಿಗೆ ಪೈಪು ಎಟಕುವುದಿಲ್ಲ. ನನ್ನ ಮಂಡಿಗೆ ಕೊಡ ಹೊತ್ತು ಹತ್ತಲಿಕ್ಕೂ ಆಗುವುದಿಲ್ಲ. ಉದ್ದದ್ದು ಇನ್ನೊಂದು ಪೈಪು ತರುವ ಅಂತ ವರ್ಷದಿಂದ ಅಂದುಕೊಂಡದ್ದೇ ಬಂತು. ಅವು ಎಂತ ಆಗಿದ್ದಾವೋ ಪಾಪ. ಅಲ್ಲಿ ಅವಳು ಹಾಕಿಸಿದ ಆ ಕಪ್ಪು ಪೈಪು ಮಾತ್ರ, ತೊಟ್ಟು ತೊಟ್ಟು ಬೀಳುವಂಥದ್ದು. ಅದೆಂತ ಸಾಕಾಗುತ್ತದೆ?”

“ಕೆಳಗಿನ್ವಕ್ಕೂ ಡ್ರಿಪ್ ಇತ್ತಲ್ರಿ?”

“ಇತ್ತು. ನಾನು ಕಿತ್ತು ಹಾಕಿದೆ. ಬುಡಕ್ಕೆ ಸರಿಯಾಗಿ ಕಟ್ಟೆ ಕಟ್ಟಿಸಬೇಕಿತ್ತಲ್ಲ.”

ಕಟ್ಟೆಗಳನ್ನು ನೋಡಿದೆ. ಕೆಳಗಿನ ಮೂರು ಮರಗಳಿಗೂ ಸುತ್ತ ಕಲ್ಲು ಜೋಡಿಸಿ ಮಟ್ಟ ಹಿಡಿದು ಕಟ್ಟಿದ್ದು. ಒಳಗೆ ಸೊಪ್ಪು, ಗೊಬ್ಬರ, ಅದರ ಮೇಲೆ ಮಣ್ಣು. ಕಾಂಡದ ಬುಡ ಗೇಣುದ್ದ ಹೂತುಹೋಗಿತ್ತು. ಕಟ್ಟೆ ತುಂಬುವವರೆಗೆ ಪೈಪು ಬಿಟ್ಟು, ಇಂಗಿದ ಮೇಲೆ ಮತ್ತೆ ಬಿಟ್ಟು, ಹೀಗೆ ಇಡೀ ಬೇಸಿಗೆ. ಅವರ ಅಪ್ಪ ಊರಿನಲ್ಲಿ ತೆಂಗಿಗೆ ಮಾಡುತ್ತಿದ್ದದ್ದೇ ಇದು. ಚಿಕ್ಕಂದಿನಲ್ಲಿ ನೋಡಿದ್ದನ್ನು ಕೈ ಮರೆತಿರಲಿಲ್ಲ. ತೆಂಗಿನ ಬುಡ ನೀರಿನಲ್ಲಿ ನಿಂತರೂ ಏನೂ ಆಗದು. ಬಾದಾಮಿಯ ಜೀವ ಇರುವುದು ತೊಗಟೆಯ ಒಳಪದರದಲ್ಲಿ. ಬೇಸಿಗೆಯ ಬಿಸಿಯಲ್ಲಿ ಅದರ ಕುತ್ತಿಗೆ, ಎಂದರೆ ಕಾಂಡ ಮುಗಿದು ಬೇರು ಶುರುವಾಗುವ ಜಾಗ, ಒದ್ದೆಯಾಗಿಯೇ ಇದ್ದರೆ ಮಣ್ಣಿನಲ್ಲಿರುವ ಕೊಳೆರೋಗ ಹತ್ತಿಕೊಂಡು ತೊಗಟೆಯನ್ನು ಸುತ್ತಲೂ ತಿನ್ನುತ್ತದೆ.

ಏಪ್ರಿಕಾಟು ಆಗಲೇ ಸತ್ತಿತ್ತು. ಅಕ್ರೋಟಿನ ಅರ್ಧ ಕೊಂಬೆಗಳು ಒಣಗಿದ್ದವು. ಬಾದಾಮಿಯಲ್ಲಿ ಎಲೆಗಳು ಸಣ್ಣಗಾಗಿ ಹಳದಿ ತಿರುಗಿದ್ದವು, ಬುಡದ ಹತ್ತಿರ ಅಂಟು ಒಸರಿ ಒಣಗಿತ್ತು.

“ಏಪ್ರಿಕಾಟು ಹೋದರೆ ಹೋಯಿತು,” ಎಂದರು ರಾಯರು. “ಅಕ್ರೋಟನ್ನೂ ಬಿಡುವ. ಈ ಬಾದಾಮಿ ಒಂದು ಉಳಿಯಬೇಕು. ಮನೆ ತೆಗೆದುಕೊಂಡ ವರ್ಷ ಅವಳು ಮೊದಲು ಊರಿದ್ದು ಇದನ್ನೇ. ಅಡುಗೆಮನೆ ಕಿಟಕಿಗೆ ಸರಿಯಾಗಿ ಕಾಣುವ ಹಾಗೆ. ಇದು ಹೂ ಬಿಡುವ ಹೊತ್ತಿಗೆ ಚಿಕಿತ್ಸೆ ಮುಗಿಯುತ್ತದೆ, ಕರಕೊಂಡು ಬರ್ತೇನೆ ಅಂತ ಹೇಳಿದ್ದೇನೆ. ಈ ಸಲ ಅವಳು ಹೂ ನೋಡಬೇಕು. ಮುಂದಿನದ್ದು ಮುಂದೆ.”

ಮುಂದಿನದ್ದು ಮುಂದೆ ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ನಾನು ಸಲಿಕೆ ತೆಗೆದುಕೊಂಡೆ.

ಕುತ್ತಿಗೆ ಬಿಡಿಸುವುದು ನಿಧಾನದ ಕೆಲಸ. ಮೊದಲು ಕಲ್ಲು ತೆಗೆದೆ, ಆಮೇಲೆ ಮಣ್ಣು. ಕಾಂಡದ ಹತ್ತಿರ ಬಂದಂತೆ ಸಲಿಕೆ ಬಿಟ್ಟು ಸಣ್ಣ ಕರಣೆ, ಕೊನೆಗೆ ಬರಿಗೈ. ಬೇರುಗಳು ಕವಲೊಡೆದು ಹೊರಗೆ ಹರಡುವ ಜಾಗ ಕಾಣುವವರೆಗೆ ಮಣ್ಣು ಸರಿಸಬೇಕು. ಒಳಗಿನ ಸೊಪ್ಪು ಹುಳಿ ವಾಸನೆ ಹೊಡೆಯುತ್ತಿತ್ತು. ತೊಗಟೆಯನ್ನು ಚಾಕುವಿನಿಂದ ಅಲ್ಲಲ್ಲಿ ಉಗುರಿನಷ್ಟು ಕೆತ್ತಿದೆ. ಬೆಳ್ಳಗೆ ಹಸಿಯಾಗಿರಬೇಕಾದ ಒಳಪದರ ದಾಲ್ಚಿನ್ನಿ ಬಣ್ಣಕ್ಕೆ ತಿರುಗಿತ್ತು. ಪಶ್ಚಿಮಕ್ಕೆ ಕೆತ್ತಿದೆ, ಕಂದು. ದಕ್ಷಿಣಕ್ಕೆ ಕೆತ್ತಿದೆ, ಕಂದು. ಪೂರ್ವಕ್ಕೂ ಅದೇ. ಉತ್ತರದಲ್ಲಿ ಅಂಗೈ ಅಗಲದ ಪಟ್ಟಿಯೊಂದರಲ್ಲಿ ಮಾತ್ರ ಬಿಳಿ ಇತ್ತು. ಇಡೀ ಮರ ಆ ಪಟ್ಟಿಯಿಂದ ಉಣ್ಣುತ್ತಿತ್ತು.

ರಾಯರು ಬಗ್ಗಿ ನೋಡುತ್ತಿದ್ದರು. ಇಂಜಿನಿಯರು, ಪ್ರಶ್ನೆ ನೇರ ಕೇಳಿದರು.

“ನೀರು ಕಡಿಮೆಯಾಯಿತಾ, ಹೆಚ್ಚಾಯಿತಾ?”

ಬೇರೆ ಕಾಲದಲ್ಲಾಗಿದ್ದರೆ ಸುತ್ತಿ ಬಳಸಿ ಹೇಳುತ್ತಿದ್ದೆ. ಮಣ್ಣಿನ ಮೇಲೆ ಹಾಕುತ್ತಿದ್ದೆ, ಸೆಕೆಯ ಮೇಲೆ ಹಾಕುತ್ತಿದ್ದೆ, ನಡುವೆ ನಮ್ಮಜ್ಜನ ಕಥೆಯೊಂದನ್ನು ತೂರಿಸಿ ಅವರ ಮನಸ್ಸು ಬೇರೆ ಕಡೆ ತಿರುಗಿಸುತ್ತಿದ್ದೆ. ಆ ದಿನ ಒಳಗೆ ಏನೂ ಇರಲಿಲ್ಲ.

“ಹೆಚ್ಚಾತ್ರಿ,” ಎಂದೆ.

ರಾಯರು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತರು. ಒಂದು ನೀಲಿ ಹಕ್ಕಿ ಬಂದು ಅಗೆದ ಮಣ್ಣಿನಲ್ಲಿ ಹುಳ ಹುಡುಕಿ ಹೋಯಿತು. ಅವರ ಮುಖ ನೋಡಿ ನನಗೆ ಅಯ್ಯೋ ಅನ್ನಿಸಬೇಕಿತ್ತು. ಅನ್ನಿಸಬೇಕಿತ್ತು ಎಂಬುದು ಗೊತ್ತಿತ್ತು, ಅಷ್ಟೇ.

“ಅವಳಿಗೆ ಹೇಳುವುದು ಬೇಡ,” ಎಂದರು ಕೊನೆಗೆ.

“ಇಲ್ರಿ.”

“ಹೂ ಬಿಡ್ತದಾ?”

ಅದಕ್ಕೆ ಉತ್ತರ ಹೇಳುವುದು ಕಷ್ಟ. ಬಾದಾಮಿ ಹೂ ಬಿಡುವುದು ಹಿಂದಿನ ವರ್ಷ ಮೈಯಲ್ಲಿ ಕೂಡಿಟ್ಟ ಶಕ್ತಿಯಿಂದ. ಬೇರು ಸತ್ತರೂ ಆ ಶಕ್ತಿ ಇರುವವರೆಗೆ ಅದು ಹೂ ಬಿಡುತ್ತದೆ, ಎಲೆಯನ್ನೂ ಬಿಡುತ್ತದೆ. ಮೇ ತಿಂಗಳ ಮೊದಲ ಬಿಸಿಗಾಳಿ ಬೀಸಿದಾಗ ನೀರು ಎಳೆದುಕೊಳ್ಳಲು ಹೋಗಿ, ಕೆಳಗೆ ಏನೂ ಇಲ್ಲವೆಂದು ಆಗ ಅದಕ್ಕೆ ಗೊತ್ತಾಗುತ್ತದೆ. ಒಂದು ವಾರದಲ್ಲಿ ಎಲೆಗಳೆಲ್ಲ ಕೊಂಬೆಯ ಮೇಲೆಯೇ ಒಣಗಿ ನಿಲ್ಲುತ್ತವೆ.

“ಈ ಸಲ ಬಿಡ್ತದ್ರಿ,” ಎಂದೆ. “ಬಹುಶಃ ಚೊಲೋನ ಬಿಡ್ತದ.” ಮುಂದಿನದನ್ನು ಆ ದಿನ ಹೇಳಲಿಲ್ಲ.

ಬಿಡಿಸಿದ ಕುತ್ತಿಗೆ ಗಾಳಿಗೆ ಒಣಗಲಿ ಎಂದು ಬಿಟ್ಟು ಬಂದೆ. ಒಣಗಿದರೆ ರೋಗ ಅಲ್ಲಿಗೇ ನಿಲ್ಲುವ ಸಾಧ್ಯತೆಯಿತ್ತು. ಆದರೆ ನವೆಂಬರಿನಲ್ಲಿ ಮೊದಲ ದೊಡ್ಡ ಮಳೆ ಬಂದು ನಾನು ಬಿಡಿಸಿದ ಗುಂಡಿಯೇ ಹೊಸ ಕಟ್ಟೆಯಾಯಿತು. ನೀರು ಹಿಡಿದು ನಿಂತಿತು. ರಾಯರು ಫೋನಿನಲ್ಲಿ ಫೋಟೋ ಕಳಿಸಿದರು, ಕಂದು ನೀರಿನ ನಡುವೆ ಮರ. ಮಳೆಯಲ್ಲೇ ಹೋಗಿ ಇಳಿಜಾರಿನ ಕಡೆಗೆ ಕಾಲುವೆ ತೋಡಿದೆ. ಬೆರಳುಗಳು ಮರಗಟ್ಟಿ ಸಲಿಕೆ ಹಿಡಿದದ್ದು ಗೊತ್ತಾಗುತ್ತಿರಲಿಲ್ಲ. ರಾಯರು ಕೊಡೆ ಹಿಡಿದು ನನ್ನ ತಲೆಯ ಮೇಲೆ ನಿಂತರು. ಬೇಡವೆಂದರೂ ಕೇಳಲಿಲ್ಲ, ತಾವು ಪೂರ್ತಿ ನೆನೆದರು.

ಮಳೆ ಹಿಂದೆಗೆದ ಮೇಲೆ ಮತ್ತೆ ಕೆತ್ತಿ ನೋಡಿದೆ. ಬಿಳಿಯ ಪಟ್ಟಿ ಮೊದಲಿದ್ದಷ್ಟೇ ಇತ್ತು. ಅದರ ಕೆಳಗಿನ ಎರಡು ಬೇರುಗಳು ಗಟ್ಟಿಯಾಗಿದ್ದವು. ಇಷ್ಟು ಉಳಿದಿದ್ದರೆ ಒಂದು ದಾರಿ ಇದೆ. ಮರದ ಸುತ್ತ ಬೇರುಗಿಡಗಳನ್ನು, ಎಂದರೆ ಬೇರಿಗೆಂದೇ ಬೆಳೆಸಿದ ಎಳೆಯ ಗಿಡಗಳನ್ನು ನೆಟ್ಟು, ಅವುಗಳ ತುದಿಯನ್ನು ಕೊಳೆತ ಜಾಗಕ್ಕಿಂತ ಮೇಲೆ ಕಾಂಡದ ತೊಗಟೆಯೊಳಗೆ ಸೇರಿಸಿ ಕಸಿ ಮಾಡುವುದು. ಕೂಡಿಕೊಂಡರೆ ಹಳೆಯ ಮರ ಹೊಸ ಕಾಲಿನ ಮೇಲೆ ನಿಲ್ಲುತ್ತದೆ. ನಾನು ಅದನ್ನು ಕಲಿಯುವಾಗ ಮಾಡಿದ್ದೆ, ಬೇರೆಯವರ ತೋಟದಲ್ಲಿ ಒಮ್ಮೆ ಮಾಡಿ ಕೈಸೋತಿದ್ದೆ.

ಅದಕ್ಕೊಂದು ಷರತ್ತಿತ್ತು. ಅಂಗೈ ಅಗಲದ ಪಟ್ಟಿ ಅಷ್ಟು ದೊಡ್ಡ ಮರವನ್ನು ಸಾಕಲಾರದು. ಹೊಸ ಬೇರುಗಳು ಕೂಡಿಕೊಳ್ಳುವವರೆಗೆ ಹೊರೆ ಇಳಿಸಬೇಕು. ಎಂದರೆ ಮೊಗ್ಗು ಉಬ್ಬುವ ಮೊದಲೇ ಮರವನ್ನು ಮೋಟು ಮಾಡಬೇಕು. ಹೂ ಬಿಡುವ ಕಡ್ಡಿಗಳೆಲ್ಲ ಹೋಗುತ್ತವೆ. ಹೂವಿಗೆ ಬಿಟ್ಟರೆ ಕೂಡಿಟ್ಟ ಶಕ್ತಿ ಹೂವಿಗೇ ಖರ್ಚಾಗುತ್ತದೆ, ಕಸಿ ಹತ್ತುವುದಿಲ್ಲ.

ಡಿಸೆಂಬರ್ ಕೊನೆಯ ಒಂದು ಬೆಳಗ್ಗೆ, ಮಳೆ ಬಿಟ್ಟು ಒಣ ಬಿಸಿಲು ಬಿದ್ದಾಗ, ಇದನ್ನು ರಾಯರಿಗೆ ಹೇಳಿದೆ. ಹೂವೂ ಮರವೂ ಎರಡೂ ಆಗುವುದಿಲ್ಲ, ಒಂದನ್ನು ಆರಿಸಿರಿ ಎಂದೆ.

“ಕಡಿದರೆ ಬದುಕ್ತದೆ ಅಂತ ಖಂಡಿತವಾ?”

“ಇಲ್ರಿ. ಕಡೀಲಿಲ್ಲಂದ್ರ ಸಾಯೋದು ಖಂಡಿತ.”

ಅವರು ಮರದ ಸುತ್ತ ನಡೆದರು. ಮೊಗ್ಗುಗಳು ಆಗಲೇ ಕಡ್ಡಿಗಳಲ್ಲಿ ಗಂಟು ಗಂಟಾಗಿ ಕಾಣುತ್ತಿದ್ದವು. “ಹೂವಿಗೆ ಬಿಟ್ಟುಬಿಡುವ,” ಎಂದರು. ಸ್ವಲ್ಪ ಹೊತ್ತಿಗೆ “ಅಲ್ಲ, ತಡೆಯಿರಿ” ಎಂದರು. ಮತ್ತೆ ಸುತ್ತು ಹೊಡೆದರು. ಮಗಳು ಅಂದು ಜೊತೆಗೆ ಬಂದಿದ್ದಳು. ಇಲ್ಲಿಯೇ ಹುಟ್ಟಿದವಳು, ಕನ್ನಡ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ. ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡಿದ್ದಳು.

“ಅಪ್ಪ, ಜಸ್ಟ್ ಆಸ್ಕ್ ಹರ್. ಇಟ್ಸ್ ಹರ್ ಟ್ರೀ,” ಎಂದಳು. ಅವರು ಬೇಡ ಎನ್ನುವಷ್ಟರಲ್ಲಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿಯೇ ಬಿಟ್ಟಳು.

ಪರದೆಯ ಮೇಲೆ ಅಕ್ಕ. ತಲೆಗೆ ಉಣ್ಣೆಯ ಟೋಪಿ, ಹುಬ್ಬಿಲ್ಲದ ಮುಖ, ಕಣ್ಣು ಮಾತ್ರ ಬಹಳ ಚುರುಕು.

“ಯಾರಿದು? ಧಾರವಾಡದ ಅಜ್ಜಿ ಇವಳೇನಾ? ಇಷ್ಟು ಸಣ್ಣವಳು ಮಾರಾಯ್ತಿ ನೀನು!”

“ನಮಸ್ಕಾರ್ರಿ ಅಕ್ಕಾರ.”

“ಎಲ್ಲಿ, ನನ್ನ ಬಾದಾಮಿ ತೋರಿಸಿ.”

ರಾಯರು ಫೋನು ತೆಗೆದುಕೊಂಡು ಕೊಂಬೆಗಳನ್ನು ತೋರಿಸಿದರು.

“ಬುಡ ತೋರಿಸಿ.”

“ಬುಡದಲ್ಲಿ ಎಂತ ಉಂಟು ನೋಡಲಿಕ್ಕೆ? ಮಣ್ಣು.”

“ವರ್ಷದಿಂದ ತುದಿಯದ್ದೇ ಫೋಟೋ ಕಳಿಸ್ತಾ ಇದ್ದೀರಿ. ಬುಡ ತೋರಿಸಿ ಅಂದೆ.”

ರಾಯರು ಬುಡ ತೋರಿಸಿದರು. ಬಿಡಿಸಿದ ಕುತ್ತಿಗೆ, ಕೆತ್ತಿದ ಗಾಯಗಳು. ಅಕ್ಕ ಮುಖವನ್ನು ಪರದೆಗೆ ಹತ್ತಿರ ತಂದರು.

“ಎಂತ ಆಗಿದ್ದು?”

“ಗೋಫರು,” ಎಂದರು ರಾಯರು. ಗೋಫರ್ ಎಂದರೆ ಇಲ್ಲಿಯ ನೆಲದಲ್ಲಿ ಬಿಲ ತೋಡಿ ಬೇರು ಕಡಿಯುವ ಇಲಿಯಂಥ ಪ್ರಾಣಿ. “ದೊಡ್ಡ ಗೋಫರು. ಬುಡವನ್ನೇ ತಿಂದು ಹಾಕಿದೆ.”

“ನೀನು ಹೇಳು ಮಾರಾಯ್ತಿ. ಗೋಫರಾ?”

ರಾಯರು ಫೋನಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು.

“ಬುಡಾ ಹೋಗ್ಯದ್ರಿ ಅಕ್ಕಾರ,” ಎಂದೆ. ಅದು ನಿಜವೇ ಆಗಿತ್ತು. ಆಮೇಲೆ ಮೋಟು ಮಾಡುವುದು, ಬೇರುಗಿಡ, ಕಸಿ, ಎಲ್ಲ ವಿವರಿಸಿದೆ. ಹೂ ಇರುವುದಿಲ್ಲ ಎಂಬುದನ್ನೂ.

ಅಕ್ಕ ಒಂದೇ ಪ್ರಶ್ನೆ ಕೇಳಿದರು. “ಅರ್ಧ ಕಡಿದರೆ ಸಾಕಾಗುವುದಿಲ್ವಾ?”

“ಇಲ್ರಿ.”

“ಹಾಗಾದರೆ ಬೋಳಿಸು. ಎಂತಕ್ಕೆ ಯೋಚನೆ? ನಾನು ಇಲ್ಲಿಂದ ಬೋಳು ತಲೆಯಲ್ಲಿ ಬರುವುದು, ಅದು ಅಲ್ಲಿ ಬೋಳು ತಲೆಯಲ್ಲಿ ನಿಂತಿರಲಿ. ಜೋಡಿ ಸರಿ ಆಗ್ತದೆ.”

“ಅಮ್ಮ!” ಎಂದಳು ಮಗಳು.

“ಎಂತ ಅಮ್ಮ? ಕೂದಲು ಹೋದದ್ದು ನನ್ನದು, ನಿನಗೆ ಎಂತ ನಾಚಿಕೆ? ಹೂವನ್ನು ಬರುವ ವರ್ಷ ನೋಡುವ.”

ಕಾಲ್ ಮುಗಿಯಿತು. ರಾಯರು ಕಪ್ಪಾದ ಫೋನನ್ನು ಹಾಗೆಯೇ ಕೈಯಲ್ಲಿ ಹಿಡಿದು ನಿಂತರು.

“ಬರುವ ವರ್ಷ ಅಂದಳು. ಕೇಳಿದಿರಾ?”

“ಕೇಳಿದೆ.”

“ಒಂದು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದಿಲ್ಲ. ಬರುವ ವಾರ ಅಂತ ಕೂಡ ಹೇಳ್ತಿರಲಿಲ್ಲ.”

ನಾನು ಗರಗಸ ಎತ್ತಿಕೊಂಡು ಏಣಿ ಹತ್ತಿದೆ. ದಪ್ಪ ಕೊಂಬೆಗಳನ್ನು ಒಂದೇ ಸಲಕ್ಕೆ ಕೊಯ್ದರೆ ತಮ್ಮದೇ ಭಾರಕ್ಕೆ ತೊಗಟೆ ಸೀಳಿಕೊಂಡು ಬೀಳುತ್ತವೆ. ಮೊದಲು ಕೆಳಗಿನಿಂದ ಒಂದು ಗಾಯ, ಆಮೇಲೆ ಸ್ವಲ್ಪ ಆಚೆ ಮೇಲಿನಿಂದ, ಕೊನೆಗೆ ಉಳಿದ ಮೋಟನ್ನು ಒಪ್ಪವಾಗಿ. ಮೊಗ್ಗು ತುಂಬಿದ ಕೊಂಬೆಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಮಗಳು ಅವನ್ನು ಎಳೆದು ರಾಶಿ ಹಾಕಿದಳು. ಸಂಜೆಗೆ ನಾಲ್ಕು ಮೋಟು ತೋಳುಗಳ ಒಂದು ಕಂಬ ನಿಂತಿತ್ತು. ಅಡುಗೆಮನೆ ಕಿಟಕಿಯಿಂದ ಗುಡ್ಡದ ಆಚೆಯವರೆಗೆ ಕಾಣುತ್ತಿತ್ತು.

ನೆರಳಿಲ್ಲದ ತೊಗಟೆ ಬಿಸಿಲಿಗೆ ಸುಡುತ್ತದೆ. ಬಿಳಿ ಬಣ್ಣಕ್ಕೆ ನೀರು ಬೆರೆಸಿ ಹಚ್ಚಬೇಕು. ಬ್ರಷ್ಷು ರಾಯರ ಕೈಗೆ ಕೊಟ್ಟೆ.

“ಊರಲ್ಲಿ ರಸ್ತೆ ಬದಿ ಮರಕ್ಕೆ ಸುಣ್ಣ ಹೊಡೆಯುವುದು ಇದಕ್ಕೇನಾ? ನಾನು ಲಾರಿಯವರಿಗೆ ಕಾಣಲಿ ಅಂತ ಮಾಡುವುದು ಅಂದುಕೊಂಡಿದ್ದೆ.”

“ಎರಡೂ ಇರಬಹುದ್ರಿ.”

ಅವರು ಬಹಳ ಶ್ರದ್ಧೆಯಿಂದ ಹಚ್ಚಿದರು. ಅಕ್ರೋಟಿಗೂ ಹಚ್ಚಿದರು. ಸತ್ತ ಏಪ್ರಿಕಾಟಿನ ಬೊಡ್ಡೆಯ ಹತ್ತಿರ ಬ್ರಷ್ಷು ಹಿಡಿದು ಸ್ವಲ್ಪ ಹೊತ್ತು ನಿಂತು, ಬಣ್ಣದ ಡಬ್ಬಿಗೆ ಮುಚ್ಚಳ ಹಾಕಿದರು.

ಜನವರಿಯಲ್ಲಿ ನರ್ಸರಿಗೆ ಮಣ್ಣಿಲ್ಲದ ಬೇರಿನ ಗಿಡಗಳು ಬರುತ್ತವೆ. ಒದ್ದೆ ತಡೆದುಕೊಳ್ಳುವ ಒಂದು ಪ್ಲಮ್ ಜಾತಿಯ ಬೇರುಗಿಡಗಳನ್ನು ತಂದೆ. ಎಲ್ಲ ಬಾದಾಮಿ ತಳಿಗಳೂ ಅದಕ್ಕೆ ಹೊಂದುವುದಿಲ್ಲ. ಇದು ಯಾವ ತಳಿಯೆಂದು ಕೇಳಿದರೆ ರಾಯರಿಗೆ ಗೊತ್ತಿರಲಿಲ್ಲ, ಅಕ್ಕನಿಗೆ ನೆನಪಿರಲಿಲ್ಲ. ಹೊಂದಿದರೆ ಹೊಂದಿತು ಎಂದು ಮರದ ಸುತ್ತ ಮೂರು ನೆಟ್ಟೆ. ಮುಂದಿನ ವಾರ ಹೋಗುವಷ್ಟರಲ್ಲಿ ಜಿಂಕೆ ಬಂದು ಒಂದರ ತುದಿ ಕಡಿದಿತ್ತು. ಅದನ್ನು ಕಿತ್ತು ಬೇರೆ ನೆಟ್ಟು, ಸುತ್ತಲೂ ತಂತಿಬಲೆ ಕಟ್ಟಿದೆ.

ಇನ್ನು ಕಾಯುವುದು. ಮರದಲ್ಲಿ ರಸ ಏರಿ ತೊಗಟೆ ಸಡಿಲವಾಗುವವರೆಗೆ ಕಸಿ ಮಾಡಲಾಗುವುದಿಲ್ಲ. ಆ ವಾರಗಳಲ್ಲಿ ನಾನು ಬೇರೆ ಮನೆಗಳ ಮರ ಸವರಿದೆ. ಅಜ್ಜಿಯ ಕೋಣೆಯನ್ನು ಖಾಲಿ ಮಾಡಿದೆವು. ಅವಳ ಸೀರೆಗಳನ್ನು ಅಮ್ಮ ಮಡಿಸಿದಳು, ನಾನು ಪೆಟ್ಟಿಗೆಗೆ ಹಾಕಿ ಟೇಪು ಅಂಟಿಸಿದೆ. ಟೇಪು ನೇರವಾಗಿ ಅಂಟಿತ್ತು.

ಫೆಬ್ರವರಿ ಕೊನೆಯಲ್ಲಿ ಮೇಲಿನ ಬಾದಾಮಿ ಹೂ ಬಿಟ್ಟಿತು. ಕೆಳಗಿನ ಮರದ ಚಿಂತೆಯಲ್ಲಿ ಆ ಕಡೆ ಯಾರೂ ಗಮನ ಕೊಟ್ಟಿರಲಿಲ್ಲ. ಪಾಪ, ಏನಾಗಿದೆಯೋ ಎಂದು ರಾಯರು ಕರುಣೆಪಟ್ಟಿದ್ದ ಆ ಮರ ನೆತ್ತಿಯಿಂದ ನೆಲದವರೆಗೆ ಬಿಳಿಯಾಗಿತ್ತು. ಇಳಿಜಾರಿನಲ್ಲಿ ಕಾಲಿಟ್ಟರೆ ಜೇನ್ನೊಣಗಳ ಸದ್ದು. ಕೆಳಗಿನ ಮರದ ತೊಗಟೆ ಪರೀಕ್ಷಿಸಿದೆ. ಚಾಕು ತೂರಿಸಿದರೆ ಬಾಳೆಹಣ್ಣಿನ ಸಿಪ್ಪೆಯಂತೆ ಬಿಟ್ಟುಕೊಂಡಿತು. ಅಂದೇ ಕೆಲಸಕ್ಕೆ ಕೂತೆ.

ಮೊದಲ ಬೇರುಗಿಡ ಕಾಂಡದ ಯಾವ ಜಾಗಕ್ಕೆ ತಾಗುತ್ತದೆಂದು ಬಗ್ಗಿಸಿ ನೋಡಿ ಗುರುತು ಹಾಕಿಕೊಂಡೆ. ಕೊಳೆತದ್ದಕ್ಕಿಂತ ಒಂದು ಗೇಣು ಮೇಲೆ, ಗಿಡದಷ್ಟೇ ಅಗಲದ ತೊಗಟೆಯ ಪಟ್ಟಿಯನ್ನು ಬಿಡಿಸಿದೆ. ಗಿಡದ ತುದಿಯನ್ನು ಓರೆಯಾಗಿ ಕತ್ತರಿಸಿ ಅಲ್ಲಿ ಕೂರಿಸಿದೆ. ಸ್ವಲ್ಪ ಬಿಲ್ಲಿನಂತೆ ಬಾಗಿರಬೇಕು, ಬಿಗಿಯಾದರೆ ಗಾಳಿಗೆ ಮರ ಅಲುಗಿದಾಗ ಕಿತ್ತುಬರುತ್ತದೆ. ತೆಳು ಮೊಳೆಯಿಂದ ಬಡಿದು, ಮೇಲೆ ಕಸಿ ಮೇಣ. ಎರಡನೆಯದೂ ಹಾಗೆಯೇ ಆಯಿತು. ಮೂರನೆಯದು ಮೊಂಡು ಮಾಡುತ್ತಿತ್ತು. ಒಂದು ಕೈಯಲ್ಲಿ ಒತ್ತಿ ಹಿಡಿದರೆ ಮೊಳೆ ಹಿಡಿಯಲು ಕೈ ಸಾಲದು. ಅಷ್ಟರಲ್ಲಿ “ನಾನು ಹಿಡೀತೇನೆ” ಎಂದು ಯಾರೋ ಪಕ್ಕದಲ್ಲಿ ಕೂತರು.

ಅಕ್ಕ. ಮುಂದಿನ ವಾರ ಬರಬೇಕಾಗಿದ್ದವರು. ಹಿಂದೆ ಮಗಳು ಕಾರಿನ ಕೀಲಿ ಹಿಡಿದು, “ಶಿ ರೆಫ್ಯೂಸ್ಡ್ ಟು ವೇಟ್” ಎಂದಳು. ರಾಯರು ಮನೆಯೊಳಗಿನಿಂದ ಓಡಿ ಬಂದು, ಮಂಡಿ ಹಿಡಿದುಕೊಂಡು ನಿಂತರು.

“ಗ್ಲೌಸು ಹಾಕಿದ್ದೇನೆ, ಬೈಬೇಡಿ,” ಎಂದರು ಅಕ್ಕ ಅವರಿಗೆ. ಆಮೇಲೆ ನನಗೆ, “ಎಲ್ಲಿ ಹಿಡೀಬೇಕು ತೋರಿಸು. ಔಷಧಿಯಿಂದ ಬೆರಳ ತುದಿಯೆಲ್ಲ ಜೋಮು. ಹಿಡಿದಿದ್ದೇನಾ ಬಿಟ್ಟಿದ್ದೇನಾ ಅಂತ ಕಣ್ಣಲ್ಲಿ ನೋಡಿಯೇ ತಿಳಿಯಬೇಕು.”

ತೋರಿಸಿದೆ. ತಮ್ಮ ಹೆಬ್ಬೆರಳನ್ನೇ ನೋಡುತ್ತ ಗಟ್ಟಿಯಾಗಿ ಒತ್ತಿ ಹಿಡಿದರು. ನಾನು ಮೊಳೆ ಬಡಿದೆ, ಮೇಣ ಮೆತ್ತಿದೆ. ಮೂರರಲ್ಲಿ ಎರಡು ಹತ್ತಿದವು ಎಂಬುದು ಗೊತ್ತಾದದ್ದು ಏಪ್ರಿಲ್‌ನಲ್ಲಿ. ಹತ್ತಿದ ಎರಡರಲ್ಲಿ ಒಂದು ಅಕ್ಕ ಹಿಡಿದದ್ದು. ಆ ದಿನ ಯಾರಿಗೂ ಏನೂ ಗೊತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಅಕ್ಕ ಮಗಳ ತೋಳು ಹಿಡಿದು ಇಳಿಜಾರು ಹತ್ತಿದರು. ಮೇಲಿನ ಬಾದಾಮಿಯ ಕೊಂಬೆಯೊಂದನ್ನು ಬಗ್ಗಿಸಿ, ಬೆರಳಿನಿಂದ ಮುಟ್ಟುವ ಬದಲು ಕೆನ್ನೆಯನ್ನು ಹೂವಿಗೆ ಒತ್ತಿದರು. ಹಾಗೆಯೇ ನಿಂತು ಕೆಳಗೆ ನೋಡಿದರು. ಅಲ್ಲಿಂದ ಎಲ್ಲವೂ ಕಾಣುತ್ತದೆ. ಮನೆಯ ಗೋಡೆಯ ನಲ್ಲಿ, ಅದರ ಕೆಳಗೆ ಬಿದ್ದುಕೊಂಡ ಹಸಿರು ಪೈಪು. ಏಪ್ರಿಕಾಟಿನ ಬೊಡ್ಡೆ, ಬೋಳು ಬಾದಾಮಿ, ಅರ್ಧ ಒಣಗಿದ ಅಕ್ರೋಟು, ಪಕ್ಕದಲ್ಲಿ ರಾಶಿ ಹಾಕಿದ ಕಟ್ಟೆಯ ಕಲ್ಲುಗಳು. ಮೇಲೆ, ಅವರ ಕಾಲ ಬಳಿ, ಅವರೇ ಹಾಕಿಸಿದ ಕಪ್ಪು ಡ್ರಿಪ್ ಪೈಪು ಹಾಕಿದಲ್ಲಿಯೇ ಇತ್ತು. ಅಂಜೂರಕ್ಕೆ ಏನೂ ಆಗಿರಲಿಲ್ಲ. ದಾಳಿಂಬೆಗೆ, ಆಲಿವ್‌ಗೆ ಏನೂ ಆಗಿರಲಿಲ್ಲ.

ನಾನು ಸಾಮಾನು ಒರೆಸುತ್ತ ಕೂತಿದ್ದೆ. ರಾಯರು ನನ್ನ ಪಕ್ಕ ನಿಂತು ಹೆಂಡತಿಯನ್ನೇ ನೋಡುತ್ತಿದ್ದರು. ಅವರು ಉಸಿರಾಡುವುದು ಕೇಳಿಸುತ್ತಿತ್ತು.

ಅಕ್ಕ ನಿಧಾನ ಇಳಿದು ಬಂದರು.

“ಗೋಫರಿನ ಬಿಲ ಎಲ್ಲುಂಟು?”

“ಅದು… ಮಳೆಗೆ ಮುಚ್ಚಿಹೋಯಿತು,” ಎಂದರು ರಾಯರು.

“ಹೌದಾ.” ಅಕ್ಕ ನಲ್ಲಿಯ ಕಡೆ ನೋಡಿದರು. “ನಿಮ್ಮ ಗೋಫರಿನ ಪೈಪು ಎಷ್ಟು ಉದ್ದ ಉಂಟು?”

ರಾಯರು ಹೋಗಿ ಪೈಪಿನ ತುದಿ ಎತ್ತಿಕೊಂಡರು. ಎಳೆಯುತ್ತ ಎಳೆಯುತ್ತ ಬಂದರು. ಏಪ್ರಿಕಾಟಿನ ಬೊಡ್ಡೆ ದಾಟಿತು, ಅಕ್ರೋಟು ದಾಟಿತು. ಬೋಳು ಬಾದಾಮಿಯಿಂದ ಎರಡು ಹೆಜ್ಜೆ ಆಚೆ ಪೈಪು ಬಿಗಿದು ನಿಂತಿತು. ಅವರು ಅದನ್ನು ಹಿಡಿದು, ಶಾಲೆಯ ಹುಡುಗನಂತೆ ಅಲ್ಲೇ ನಿಂತರು.

“ಇಲ್ಲಿವರೆಗೆ,” ಎಂದರು.

ಅಕ್ಕ ಪೈಪಿನ ತುದಿಯನ್ನು ನೋಡಿದರು, ಅಲ್ಲಿಂದ ಮೇಲಿನ ಬಾದಾಮಿಯವರೆಗೆ ಉಳಿದ ದೂರವನ್ನು ಕಣ್ಣಿನಿಂದ ಅಳೆದರು. ಹೂವುಗಳ ಕಡೆಯಿಂದ ಜೇನ್ನೊಣಗಳ ಸದ್ದು ಕೆಳಗಿನವರೆಗೂ ಬರುತ್ತಿತ್ತು.

“ವಾರ ವಾರ ಬಂದು?”

“ವಾರ ವಾರ.”

“ಉದ್ದದ್ದು ತರ್ತೇನೆ ತರ್ತೇನೆ ಅಂತ ಹೇಳ್ತಿದ್ರಿ. ತರಲಿಲ್ವಾ?”

“ಇಲ್ಲ. ಮರೆತೆ.”

“ನಿಮ್ಮ ಮರೆವಿನಿಂದ ಜನ್ಮದಲ್ಲಿ ಒಂದು ಉಪಕಾರ ಆಯ್ತು ಮಾರಾಯ್ರೆ,” ಎಂದರು ಅಕ್ಕ.

ಮೊದಲು ನಕ್ಕವರು ಅಕ್ಕನೇ. ಟೋಪಿ ಜಾರಿ ಬಿದ್ದರೂ ಎತ್ತಿಕೊಳ್ಳದೆ ನಕ್ಕರು. ಆಮೇಲೆ ರಾಯರಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ನಾನೂ ನಕ್ಕೆನಂತೆ. ಹಾಗೆಂದು ಮಗಳು ಆಮೇಲೆ ಹೇಳಿದಳು, ನನಗೆ ಗೊತ್ತಾಗಿರಲಿಲ್ಲ.

ಅಕ್ಕ ಗಂಡನ ಕೈಯಿಂದ ಪೈಪಿನ ತುದಿಯನ್ನು ತೆಗೆದುಕೊಂಡರು. ಹಿಡಿದಿದೆಯೋ ಇಲ್ಲವೋ ಎಂದು ತಮ್ಮ ಬೆರಳುಗಳನ್ನೊಮ್ಮೆ ಬಗ್ಗಿ ನೋಡಿಕೊಂಡರು.

“ಇನ್ನು ಇದು ನನ್ನ ಹತ್ತಿರ ಇರಲಿ,” ಎಂದರು.